ಹೊಳೆ ಬಂದಾಗ, ಹೊಂಡಕ್ಕೆ ಬಿದ್ದಾಗ: ಟೈಮ್ ಎಲ್ಲಿ ಹೋಗುತ್ತೆ?

ಈ ವಾರ ಗೊಬ್ಬರದ ಲೆಕ್ಕ ಇಲ್ಲ, ಕೀಟದ ಕಾಟದ ಮಾತೂ ಇಲ್ಲ. ಮಳೆಗಾಲಕ್ಕೆ ಮೊದಲು ಕೂತು ಮಾತಾಡಿಕೊಳ್ಳಬೇಕಾದ ಬೇರೆ ವಿಷಯ ಒಂದಿದೆ. ಹೊಳೆ ಸುತ್ತುವರಿದ ಹೊಲದಲ್ಲಿ ಯಾರೋ ಸಿಕ್ಕಿಕೊಂಡರೆ, ಕೃಷಿ ಹೊಂಡಕ್ಕೆ ಹುಡುಗ ಬಿದ್ದರೆ, ನಿಮ್ಮ ಊರಿನ ಹುಡುಗರು ಎಷ್ಟು ಹೊತ್ತಿಗೆ ಅಲ್ಲಿ ಮುಟ್ಟುತ್ತಾರೆ?

2019ರ ಆಗಸ್ಟ್ ನೆನಪಿರಬೇಕಲ್ಲ. ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನುಗ್ಗಿತ್ತು. ಬಾದಾಮಿ, ಹುನಗುಂದ ತಾಲ್ಲೂಕಿನ ಹೊಳೆಸಾಲಿನ ಊರುಗಳು ದಿನಗಟ್ಟಲೆ ನೀರಿನಲ್ಲಿದ್ದವು. ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟರೆ ಮೊದಲೇ ಸುದ್ದಿ ಬರುತ್ತದೆ, ಡಂಗುರ ಆಗುತ್ತದೆ. ಆದರೆ ಬೆಣ್ಣಿಹಳ್ಳಕ್ಕೆ ಅಂಥ ಡ್ಯಾಮ್ ಇಲ್ಲ. ಹುಬ್ಬಳ್ಳಿ, ನವಲಗುಂದ ಕಡೆ ಎರೆಹೊಲದಲ್ಲಿ ಬಿದ್ದ ಮಳೆ ಆ ಹಳ್ಳ ಹಿಡಿದು ರೋಣ ತಾಲ್ಲೂಕಿನಲ್ಲಿ ಮಲಪ್ರಭೆ ಸೇರುತ್ತದೆ. ಅಂದರೆ ಬಾದಾಮಿಯಲ್ಲಿ ಬಿಸಿಲಿದ್ದರೂ ಹೊಳೆ ಏರಬಹುದು. ಕೆಳಗೆ ಕೂಡಲಸಂಗಮದ ಹತ್ತಿರ ಕೃಷ್ಣೆಯೂ ತುಂಬಿ, ನಾರಾಯಣಪುರದ ಹಿನ್ನೀರು ನಿಂತಿದ್ದರೆ, ಮಲಪ್ರಭೆಯ ನೀರು ಬೇಗ ಇಳಿಯುವುದೂ ಇಲ್ಲ. ಹಾಗಾಗಿ ಮೇಲಿನ ಊರಿನಲ್ಲಿ ಒಬ್ಬ ಪರಿಚಯದ ರೈತನ ನಂಬರ್ ಇಟ್ಟುಕೊಳ್ಳಿ. ‘ಹಳ್ಳ ಹೆಂಗೈತಿ?’ ಅನ್ನೋ ಒಂದು ಫೋನ್‌ಕಾಲ್ ನಿಮಗೆ ಗಂಟೆಗಟ್ಟಲೆ ಸಮಯ ಕೊಡುತ್ತದೆ.

ರಕ್ಷಣೆ ತಡವಾದಾಗ ಎಲ್ಲರೂ ಬೈಯೋದು ಬೋಟಿಗೆ. ಬೋಟ್ ತಡವಾಗಿ ಬಂತು ಅಂತ. ನನ್ನ ಲೆಕ್ಕದಲ್ಲಿ ಬೋಟ್ ಹೊರಡುವುದಕ್ಕೆ ಮೊದಲೇ ಅರ್ಧ ಸಮಯ ಸೋರಿ ಹೋಗಿರುತ್ತದೆ. ಅದು ಹೋಗೋದು ಇಂಥ ಮಾತಿನಲ್ಲಿ:

‘ಎಲ್ಲಿ ಅದಾರ್ರೀ?’
‘ಗೌಡ್ರ ತ್ವಾಟದ ಹಿಂದ, ಹುಣಸಿಗಿಡದ ಹೊಲದಾಗ್ರೀ.’
‘ಯಾವ ಗೌಡ್ರು?’

ಊರಿನವರಿಗೆ ಇದು ಪೂರ್ತಿ ವಿಳಾಸ. ಬಾಗಲಕೋಟೆಯಿಂದ ಹೊರಟ ಅಗ್ನಿಶಾಮಕ ದಳದವರಿಗೆ ಇದು ಏನೂ ಅಲ್ಲ. ದಿಶಾಂಕ್ ಆ್ಯಪ್ ನೋಡಿ ಸರ್ವೆ ನಂಬರ್ ಹೇಳಿದರೂ ಪೂರ್ತಿ ಉಪಯೋಗವಿಲ್ಲ. ಒಂದು ಸರ್ವೆ ನಂಬರ್ ಎಷ್ಟೋ ಎಕರೆ ಇರಬಹುದು, ಅದನ್ನು ಹುಡುಕಲು ಆ ಕಡೆಯವರೂ ಅದೇ ಆ್ಯಪ್ ತೆಗೆಯಬೇಕು. ಬೇಕಾಗಿರೋದು ಅಕ್ಷಾಂಶ, ರೇಖಾಂಶ. ಗೂಗಲ್ ಮ್ಯಾಪ್‌ನಲ್ಲಿ ನೀವು ನಿಂತ ಜಾಗದ ಮೇಲೆ ಬೆರಳು ಒತ್ತಿ ಹಿಡಿದರೆ ಎರಡು ಅಂಕಿ ಬರುತ್ತವೆ. ನಮ್ಮ ಕಡೆ ಮೊದಲನೆಯದು 15 ಅಥವಾ 16ರಿಂದ, ಎರಡನೆಯದು 75 ಅಥವಾ 76ರಿಂದ ಶುರು. ಚುಕ್ಕಿ ಆದ ಮೇಲೆ ನಾಲ್ಕು ಅಂಕಿ ಹೇಳಿದರೆ ಸುಮಾರು 11 ಮೀಟರಿನೊಳಗೆ ಜಾಗ ಸಿಗುತ್ತದೆ. ಇನ್ನೊಂದು ವಿಷಯ, ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ. ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡಿದ್ದರೆ ಡೇಟಾ ಇಲ್ಲದಿದ್ದರೂ ಅಂಕಿ ಸಿಗುತ್ತದೆ, ಸಾದಾ ಎಸ್ಸೆಮ್ಮೆಸ್‌ನಲ್ಲಿ ಕಳಿಸಬಹುದು. ವಾಟ್ಸಾಪ್ ಲೊಕೇಶನ್ ಒಳ್ಳೇದೇ, ಆದರೆ ಹೊಳೆ ಬಂದ ದಿನ ಟವರ್ ನಿಂತಿರುತ್ತೆ ಅಂತ ನಂಬಬೇಡಿ.

ಇದನ್ನು ಇವತ್ತೇ ಮಾಡಬಹುದು. ನಿಮ್ಮ ಹೊಲ, ಹೊಂಡ, ಪಂಪ್‌ಹೌಸ್, ಹೊಳೆದಂಡೆಯ ಗುಡಿಸಲು, ಒಂದೊಂದರದ್ದೂ ಅಂಕಿ ತೆಗೆದು ಮನೆಯ ಗೋಡೆ ಮೇಲೆ ಇದ್ದಿಲಿನಲ್ಲಿ ಬರೆದಿಡಿ. ಫೋನ್ ನಿಮ್ಮ ಹತ್ತಿರ ಇದ್ದು ನೀವೇ ಸಿಕ್ಕಿಕೊಂಡರೆ, ಮನೆಯಲ್ಲಿರೋ ಅವ್ವ ಗೋಡೆ ನೋಡಿ ಹೇಳುತ್ತಾರೆ.

ಕರೆ ಮಾಡೋದು 112ಕ್ಕೆ. ನೆರೆ ಇದ್ದಾಗ ಜಿಲ್ಲಾ ಕಂಟ್ರೋಲ್ ರೂಮಿನ 1077 ಕೂಡ. ಹತ್ತು ಜನ ಹತ್ತು ಕಡೆ ಫೋನ್ ಮಾಡಿದರೆ ಹತ್ತು ಬೇರೆ ಬೇರೆ ಕತೆ ಹೋಗುತ್ತವೆ. ಒಬ್ಬನೇ ಮಾತಾಡಲಿ, ಅವನು ಜಾಗ ಬಿಟ್ಟು ಓಡಾಡಬಾರದು. ಇನ್ನೊಬ್ಬ ಬೈಕ್ ತಗೊಂಡು ಟಾರ್ ರಸ್ತೆಯ ಕ್ರಾಸಿನಲ್ಲಿ ನಿಲ್ಲಲಿ, ಬಂದ ಗಾಡಿಯನ್ನು ಹೊಲದ ದಾರಿಗೆ ಹಚ್ಚಲಿ. ಇದು ಹೀರೋ ಕೆಲಸ ಅಲ್ಲ, ಯಾರೂ ವಿಡಿಯೋ ತೆಗೆಯೋದಿಲ್ಲ. ಆದರೆ ಮುಳ್ಳುಕಂಟಿ ನಡುವೆ ಗಾಡಿ ದಾರಿ ತಪ್ಪದಂತೆ ಕಾಯೋದು ಇವನೇ.

ನೀರಿಗೆ ಮಾತ್ರ ಇಳಿಯಬೇಡಿ. ಹರಿಯೋ ನೀರು ಎರಡು ಅಡಿ ಇದ್ದರೆ ಕಾರೂ ಕೊಚ್ಚಿ ಹೋಗುತ್ತದೆ. ಟ್ರ್ಯಾಕ್ಟರ್ ಭಾರ ಇದೆ ಅನ್ನೋ ಧೈರ್ಯದಿಂದ ಮುಳುಗಿದ ಸೇತುವೆ ದಾಟೋದು ಹುಚ್ಚುತನ, ಕೆಳಗೆ ರಸ್ತೆ ಉಳಿದಿದೆಯೋ ಇಲ್ಲವೋ ಮೇಲಿಂದ ಕಾಣೋದಿಲ್ಲ. ಹೊಳೆಸಾಲಿನವರಿಗೆ ಇನ್ನೊಂದು ಗೊತ್ತಿರೋ ಮಾತು: ಸಿಕ್ಕಿಕೊಳ್ಳುವವರು ದನ ಬಿಚ್ಚಲು, ಮೋಟಾರು ಎತ್ತಲು ವಾಪಸ್ ಹೋದವರು. ದನ, ಮೋಟಾರು ಎರಡನ್ನೂ ಮೊದಲ ಸುದ್ದಿಗೇ ಏರಿಗೆ ಸಾಗಿಸಿದರೆ ಹುಡುಕೋ ಕೆಲಸವೇ ಬರೋದಿಲ್ಲ.

ಹೊಳೆಯಲ್ಲಾದರೆ ಗಂಟೆಗಳ ಲೆಕ್ಕ. ಕೃಷಿ ಹೊಂಡದಲ್ಲಿ ನಿಮಿಷದ ಲೆಕ್ಕ, ಅಲ್ಲಿ ಹೊರಗಿನ ತಂಡ ಅನ್ನೋ ಮಾತೇ ಸುಳ್ಳು. ಉಸಿರು ನಿಂತ ನಾಲ್ಕರಿಂದ ಆರು ನಿಮಿಷಕ್ಕೆ ಮಿದುಳಿಗೆ ಪೆಟ್ಟು ಶುರುವಾಗುತ್ತದೆ. ಕೃಷಿ ಭಾಗ್ಯದ ಹೊಂಡ ಮೂರು ಮೀಟರ್ ಆಳ, ಇಳಿಜಾರು ಗೋಡೆ, ಮೇಲೆ ಪಾಲಿಥೀನ್ ಹಾಳೆ. ಪಾಚಿ ಕಟ್ಟಿದ ಮೇಲೆ ಈಜು ಬಂದವನೂ ಹತ್ತಲಾರ. ತಂತಿಬೇಲಿ ಇರಲೇಬೇಕು. ಜೊತೆಗೆ ನಾಲ್ಕೂ ಕಡೆ ಗೂಟಕ್ಕೆ ಕಟ್ಟಿ, ಗಂಟು ಹಾಕಿದ ನೈಲಾನ್ ಹಗ್ಗ ನೀರಿನವರೆಗೆ ಇಳಿಬಿಡಿ. ಗಾಳಿ ತುಂಬಿದ ಹಳೇ ಟ್ರ್ಯಾಕ್ಟರ್ ಟ್ಯೂಬಿಗೆ ಉದ್ದ ಹಗ್ಗ ಕಟ್ಟಿ ದಂಡೆ ಮೇಲೆ ಇಡಿ. ಇಳಕಲ್ ಕಡೆ ಕಲ್ಲು ಕ್ವಾರಿ ಗುಂಡಿಗಳ ಹತ್ತಿರ ಹೊಲ ಇದ್ದವರಿಗೂ ಇದೇ ಮಾತು.

ಹೊರಗೆ ತೆಗೆದ ಮೇಲೆ ಹೊಟ್ಟೆ ಒತ್ತಿ ನೀರು ತೆಗೆಯೋದು, ತಲೆಕೆಳಗೆ ಹಿಡಿಯೋದು ದಯವಿಟ್ಟು ಬೇಡ. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಮೊದಲು ಉಸಿರು ಕೊಡಿ. ಆಮೇಲೆ ಎದೆ ನಡುವೆ 30 ಸಲ ಒತ್ತಿ, ಎರಡು ಉಸಿರು. ನಿಮಿಷಕ್ಕೆ 100ರಿಂದ 120 ಒತ್ತಿನ ವೇಗ. ಆಂಬುಲೆನ್ಸ್ ಬರೋವರೆಗೆ ನಿಲ್ಲಿಸಬಾರದು, ಸುಸ್ತಾದರೆ ಕೈ ಬದಲಿಸಿ. ಇದನ್ನು ಓದಿ ಕಲಿಯೋದು ಕಷ್ಟ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿದರೆ ಕಲಿಸುತ್ತಾರೆ, ಸಂಘದ ಹತ್ತು ಹುಡುಗರು ಒಟ್ಟಿಗೆ ಹೋಗಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಆಪ್ದ ಮಿತ್ರ’ ಯೋಜನೆಯಲ್ಲಿ ಸ್ವಯಂಸೇವಕರಿಗೆ 12 ದಿನದ ತರಬೇತಿ ಕೊಡಲಾಗಿತ್ತು. ಅಂಥ ತರಬೇತಿ ಈಗ ಇದೆಯೇ ಅಂತ ಜಿಲ್ಲಾಧಿಕಾರಿ ಕಚೇರಿಯ ವಿಪತ್ತು ನಿರ್ವಹಣಾ ವಿಭಾಗದಲ್ಲಿ ವಿಚಾರಿಸಿ.

ಉಳಿದದ್ದು ಬೋರ್‌ವೆಲ್. 2014ರ ಆಗಸ್ಟ್‌ನಲ್ಲಿ ನಮ್ಮ ಬಾದಾಮಿ ತಾಲ್ಲೂಕಿನ ಸೂಳಿಕೇರಿಯಲ್ಲಿ ಆರು ವರ್ಷದ ಹುಡುಗ ಬಿದ್ದಾಗ ದಿನಗಟ್ಟಲೆ ಅಗೆದರೂ ಜೀವ ಉಳಿಯಲಿಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷದ ಮಗುವನ್ನು ಸುಮಾರು 20 ಗಂಟೆ ಆದ ಮೇಲೆ ಜೀವಂತ ತೆಗೆದರು. ಅದು ಸಿಕ್ಕಿಕೊಂಡಿದ್ದು ಹದಿನಾರು ಅಡಿ ಆಸುಪಾಸಿನಲ್ಲಿ. ಇನ್ನೂ ಆಳಕ್ಕೆ ಜಾರಿದ್ದರೆ ಕತೆ ಬೇರೆ ಆಗುತ್ತಿತ್ತು. ಇಲ್ಲಿ ಊರ ಹುಡುಗರು ಎಷ್ಟು ಬೇಗ ಓಡಿದರೂ ಮಾಡಬಹುದಾದ್ದು ಕಡಿಮೆ: 112ಕ್ಕೆ ಹೇಳಿ, ಜನ ಗುಂಪುಗೂಡಿ ಬಾಯಿಯ ಸುತ್ತ ಮಣ್ಣು ಕುಸಿಯದಂತೆ ದೂರ ಸರಿಸಿ, ಹಗ್ಗ ಇಳಿಸಿ ಪ್ರಯೋಗ ಮಾಡಬೇಡಿ. ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ, ಕೇಸಿಂಗ್ ಬಾಯಿಗೆ ಸ್ಟೀಲ್ ಪ್ಲೇಟ್ ಬೆಸುಗೆ ಅಥವಾ ನಟ್-ಬೋಲ್ಟಿನ ಗಟ್ಟಿ ಕ್ಯಾಪ್, ಸುತ್ತ ಸಿಮೆಂಟ್ ಕಟ್ಟೆ, ಕೊರೆಯುವಾಗ ತಂತಿಬೇಲಿ. ನೀರು ಬರದ ಬೋರನ್ನು ತಳದಿಂದ ನೆಲದ ಮಟ್ಟದವರೆಗೆ ಮಣ್ಣು, ಮರಳು, ಕಲ್ಲು ತುಂಬಿ ಮುಚ್ಚಬೇಕು. ಮೇಲೆ ಚೀಲ ಹೊದಿಸಿ ಕಲ್ಲಿಟ್ಟರೆ ಅದು ಮುಚ್ಚಿದಂತೆ ಅಲ್ಲ. ಇನ್ನು ಮುಂದೆ ಬೋರ್ ಹಾಕಿಸೋರು ರಿಗ್ ಲಾರಿ ಹೊಲದಿಂದ ಕದಲೋ ಮೊದಲೇ ಬಾಯಿ ಮುಚ್ಚಿಸಿ, ಕೊನೇ ಕಂತಿನ ದುಡ್ಡು ಆಮೇಲೆ ಕೊಡಿ.