ಸ್ಕ್ಯಾನಿಂಗ್ ಕೋಣೆಯ ಅಲೆಗಳು: ಭಯ ಬೇಡ, ತಿಳಿದಿರಲಿ



"ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿಕೊಂಡು ಬನ್ನಿ" ಎಂದು ವೈದ್ಯರು ಚೀಟಿ ಬರೆದ ಕೂಡಲೇ ಪ್ರಶ್ನೆಗಳು ಏಳುತ್ತವೆ. ಮೈಗೆ ಕರೆಂಟು ಹಾಯಿಸುತ್ತಾರೆಯೇ? ಹೊಟ್ಟೆಯಲ್ಲಿರುವ ಕೂಸಿಗೆ ಸುಡುವುದಿಲ್ಲವೇ? ಈ ಭಯದಿಂದ ಪರೀಕ್ಷೆ ಮಾಡಿಸದೆ ಊರಿಗೆ ಹೊರಟುಬಿಡುವವರೂ ಇದ್ದಾರೆ.

ಬಾವಿಗೆ ಬಗ್ಗಿ ಕೂಗಿದರೆ ನಿಮ್ಮ ದನಿಯೇ ತಿರುಗಿ ಬರುತ್ತದಲ್ಲವೇ? ಸ್ಕ್ಯಾನಿಂಗಿನ ಗುಟ್ಟು ಅಷ್ಟೇ. ನಮ್ಮ ಕಿವಿಗೆ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳ ಶಬ್ದ ಮಾತ್ರ ಕೇಳಿಸುತ್ತದೆ. ಯಂತ್ರದಿಂದ ಹೊರಡುವುದೂ ಶಬ್ದವೇ, ಆದರೆ ಅದು ಸೆಕೆಂಡಿಗೆ ಹತ್ತಾರು ಲಕ್ಷ ಬಾರಿ ಕಂಪಿಸುವುದರಿಂದ ನಮಗೆ ಕೇಳಿಸದು. ಆ ಅಲೆ ದೇಹದೊಳಗೆ ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಲ್ಲಿ ಹೋಗಿ, ಪಿತ್ತಕೋಶದ ಹರಳಿಗೋ ಮಗುವಿನ ತಲೆಬುರುಡೆಗೋ ತಗುಲಿ ಹಿಂದಿರುಗುತ್ತದೆ. ಹಿಂದಿರುಗಲು ಎಷ್ಟು ಹೊತ್ತಾಯಿತು ಎಂಬುದರಿಂದ ಆಳವನ್ನು ಲೆಕ್ಕ ಹಾಕಿ ಯಂತ್ರ ಪರದೆಯ ಮೇಲೆ ಚಿತ್ರ ಮೂಡಿಸುತ್ತದೆ. ಕರೆಂಟು ಯಂತ್ರಕ್ಕೆ ಮಾತ್ರ, ನಿಮ್ಮ ಮೈಗಲ್ಲ. ವೈದ್ಯರ ಸಲಹೆಯಂತೆ ಮಾಡಿದ ಸ್ಕ್ಯಾನಿಂಗಿನಿಂದ ಕೂಸಿಗೆ ಹಾನಿಯಾದದ್ದು ಕಂಡುಬಂದಿಲ್ಲ.

ಹೊಟ್ಟೆಗೆ ಸವರುವ ತಣ್ಣನೆಯ ಜೆಲ್ ಔಷಧಿಯಲ್ಲ. ಚರ್ಮಕ್ಕೂ ಯಂತ್ರಕ್ಕೂ ನಡುವೆ ಗಾಳಿಯಿದ್ದರೆ ಅಲೆ ಅಲ್ಲಿಂದಲೇ ವಾಪಸು ಬರುತ್ತದೆ, ಅದಕ್ಕಾಗಿ ಜೆಲ್. ನೀರು ಕುಡಿದು ಮೂತ್ರ ತಡೆದುಕೊಳ್ಳಿ ಎನ್ನುವುದೂ ಇದೇ ಕಾರಣಕ್ಕೆ. ತುಂಬಿದ ಮೂತ್ರಕೋಶವು ಗಾಳಿ ತುಂಬಿದ ಕರುಳನ್ನು ಪಕ್ಕಕ್ಕೆ ಸರಿಸಿ ಗರ್ಭಕೋಶವನ್ನು ನೋಡಲು ಕಿಟಕಿಯಂತಾಗುತ್ತದೆ. ಪಿತ್ತಕೋಶ ನೋಡಲು ಮಾತ್ರ ಉಪವಾಸ ಬೇಕು, ಉಂಡರೆ ಅದು ಮುದುಡಿಕೊಳ್ಳುತ್ತದೆ. "ಪಾಪ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ" ಎಂದು ಚಹಾ, ಬಿಸ್ಕತ್ತು ಕೊಡುವ ಬಂಧುಗಳ ಪ್ರೀತಿಯಿಂದ ಎಷ್ಟೋ ಪರೀಕ್ಷೆಗಳು ಮರುದಿನಕ್ಕೆ ಹೋಗುತ್ತವೆ!

ಎಕ್ಸ್‌ರೇ ಬೇರೆ. 1895ರಲ್ಲಿ ರಾಂಟ್‌ಜನ್ ಕಂಡುಹಿಡಿದ ಈ ಕಿರಣ ಶಬ್ದವಲ್ಲ, ಬೆಳಕಿನ ಕುಲದ್ದು. ಮೊಬೈಲಿನ ಅಲೆಯೂ ಅದೇ ಕುಲ, ಆದರೆ ಎಕ್ಸ್‌ರೇ ಬಹಳ ಬಲವಾದದ್ದು. ಮಾಂಸವನ್ನು ದಾಟುತ್ತದೆ, ಮೂಳೆಯಲ್ಲಿ ಹೆಚ್ಚಾಗಿ ತಡೆದುಹೋಗುತ್ತದೆ. ಎದೆಯ ಒಂದು ಎಕ್ಸ್‌ರೇಗೆ ಬಳಸುವ ಪ್ರಮಾಣ ತೀರ ಕಡಿಮೆ, ಹೆದರಿ ಬಿಡಬೇಡಿ. ಆದರೆ ಬಸುರಿಯಾಗಿದ್ದರೆ, ಮುಟ್ಟು ನಿಂತು ಅನುಮಾನವಿದ್ದರೂ ಸಹ, ಸಂಕೋಚಪಡದೆ ಮೊದಲೇ ಸಿಬ್ಬಂದಿಗೆ ಹೇಳಿ.

ಕೊಯ್ಯದೆ ಒಳಗನ್ನು ನೋಡುವ ಈ ಉಪಾಯ ಭೂಮಿಗೂ ಸಲ್ಲುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪವಾದಾಗ ಬೀದರ, ಕಲಬುರಗಿ ಕಡೆಯವರೂ ನಡುಗಿದರು. ಭೂಕಂಪದಲ್ಲಿ ಮೊದಲು ಬರುವುದು ತಳ್ಳಿ ಎಳೆಯುವ ಅಲೆ, ಹಿಂದಿನಿಂದ ಬರುವುದು ಅಡ್ಡಡ್ಡ ಅಲುಗಿಸುವ ಅಲೆ. ಎರಡನೆಯದು ದ್ರವದೊಳಗೆ ಸಾಗದು. ಅದು ಎಲ್ಲಿ ತಲುಪಲಿಲ್ಲ ಎಂದು ನೋಡಿಯೇ ಭೂಮಿಯ ತಿರುಳಿನ ಹೊರಭಾಗ ದ್ರವವೆಂದು ತಿಳಿದದ್ದು. ಆ ತಿರುಳು ಇದೆಯೆಂದು 1906ರಲ್ಲಿ ತೋರಿಸಿದ ಓಲ್ಡ್‌ಹ್ಯಾಂ ಅವರು ಭಾರತದಲ್ಲೇ ಕೆಲಸ ಮಾಡಿ 1897ರ ಅಸ್ಸಾಂ ಭೂಕಂಪವನ್ನು ಅಭ್ಯಾಸ ಮಾಡಿದವರು. ಭೂಮಿಯ ನಡುವಿಗೆ ಸುಮಾರು 6,370 ಕಿ.ಮೀ.; ಮನುಷ್ಯ ಕೊರೆದದ್ದು ಬರೀ 12 ಕಿ.ಮೀ. ಆಳ.

ಇನ್ನೊಂದು ಮಾತು. ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂದು ಸ್ಕ್ಯಾನಿಂಗ್ ಕೋಣೆಯಲ್ಲಿ ದಯವಿಟ್ಟು ಕೇಳಬೇಡಿ. 1994ರ ಕಾಯ್ದೆಯಂತೆ ಹೇಳುವುದು ಅಪರಾಧ, ಹೇಳಿಸಿಕೊಳ್ಳಲು ಪ್ರಯತ್ನಿಸುವುದೂ ಅಪರಾಧ. ಕೂಸಿನ ಬೆಳವಣಿಗೆ, ಎದೆಬಡಿತ, ನೆತ್ತಿ ಮೇಲಿದೆಯೋ ಕೆಳಗಿದೆಯೋ ಇವನ್ನು ಧಾರಾಳವಾಗಿ ಕೇಳಿ. ಬರುವಾಗ ಹಳೆಯ ಚೀಟಿ, ಹಳೆಯ ಫಿಲ್ಮುಗಳನ್ನು ಮರೆಯದೆ ತನ್ನಿ.