ಜೇವರ್ಗಿ ಬರೆಯಲು ಬರುತ್ತದೆಯೇ?

ಹೊಸದಾಗಿ ಪ್ರೋಗ್ರಾಮಿಂಗ್ ಕಲಿಯುವವರು ತೆರೆಯ ಮೇಲೆ ಮೊದಲು 'ಹಲೋ ವರ್ಲ್ಡ್' ಮೂಡಿಸುತ್ತಾರೆ. ನಾನು ಮೂಡಿಸುವುದು ಕಲಬುರಗಿ ಜಿಲ್ಲೆಯ ಮೂರು ತಾಲ್ಲೂಕುಗಳ ಹೆಸರು: ಆಳಂದ, ಅಫಜಲಪುರ, ಜೇವರ್ಗಿ.

ಆ ತಾಲ್ಲೂಕುಗಳ ತೊಗರಿಯ ತೂಕ ಬರೆದಿಡಲು, ಇಂಟರ್‌ನೆಟ್ ಇಲ್ಲದಿದ್ದರೂ ನಡೆಯುವ ಪುಟ್ಟ ತಂತ್ರಾಂಶವೊಂದು ಬೇಕಿತ್ತು. ಎಲೆಕ್ಟ್ರಾನ್ ಎಂಬ ಫ್ರೇಮ್‌ವರ್ಕಿನಲ್ಲಿ ಕಟ್ಟಿದರೆ ಪ್ರತಿ ತಂತ್ರಾಂಶದ ಹೊಟ್ಟೆಯಲ್ಲೂ ಇಡೀ ಕ್ರೋಮಿಯಂ ಬ್ರೌಸರ್ ಕೂತಿರುತ್ತದೆ. ಹಳೆಯ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಹಾಗಾಗಿ ಇನ್ನೂ ಎಳೆಯದಾದ ಒಂದು ಡೆಸ್ಕ್‌ಟಾಪ್ ಫ್ರೇಮ್‌ವರ್ಕನ್ನು ಹಾಕಿಕೊಂಡೆ. ಗುಂಡಿ, ಪಟ್ಟಿ, ಅಕ್ಷರ ಎಲ್ಲವನ್ನೂ ಅದು ಗ್ರಾಫಿಕ್ಸ್ ಚಿಪ್ಪಿನ ನೆರವಿನಿಂದ ತಾನೇ ಬಿಡಿಸುತ್ತದೆ. ಹಗುರ, ಚುರುಕು. ಆದರೆ ಬ್ರೌಸರ್ ಸದ್ದಿಲ್ಲದೆ ಮಾಡಿಕೊಡುತ್ತಿದ್ದ ಕೆಲಸವನ್ನು ಈಗ ಬೇರೆ ಯಾರೋ ಮಾಡಬೇಕು.

ಮಾದರಿ ಪ್ರಾಜೆಕ್ಟ್ ಓಡಿಸಿದೆ. ಕಿಟಕಿ ತೆರೆಯಿತು, ಒಳಗೆ ಬರೀ ಖಾಲಿ ಚೌಕಗಳು. ಜೊತೆಗೆ ಬಂದ ಫಾಂಟಿನಲ್ಲಿ ಕನ್ನಡವೇ ಇರಲಿಲ್ಲ. ನೋಟೊ ಸಾನ್ಸ್ ಕನ್ನಡ ಸೇರಿಸಿದೆ. ಆಳಂದ ನೆಟ್ಟಗೆ ಬಂತು: ಆ, ಳ, ಸೊನ್ನೆ, ದ, ಒಂದರ ಪಕ್ಕ ಒಂದಿಟ್ಟರೆ ಮುಗಿಯಿತು. ಜೇವರ್ಗಿ ಮಾತ್ರ ಮುರಿದು ಬಿತ್ತು. ರ, ಅದರ ಪಕ್ಕ ಒಂಟಿ ಹಲಂತ, ಆಮೇಲೆ ಗ, ಗುಡಿಸು ಬೇರೆ.

ನುಡಿ ಕೀಲಿಮಣೆಯಲ್ಲಿ ಜೇವರ್ಗಿಗೆ 7 ಕೀಲಿ ಒತ್ತುತ್ತೇವೆ: ಜ, ದೀರ್ಘ ಏತ್ವ, ವ, ರ, ಹಲಂತ, ಗ, ಗುಡಿಸು. ಯೂನಿಕೋಡ್ ಇದೇ 7 ಸಂಕೇತಗಳನ್ನು ಇದೇ ಕ್ರಮದಲ್ಲಿ ಉಳಿಸುತ್ತದೆ. ಅದು ಬಾಯಿಯ ಕ್ರಮ. ಕಣ್ಣಿನ ಕ್ರಮದಲ್ಲಿ ರಕಾರ ಅರ್ಕಾವತ್ತಾಗಿ ಗಿ ಆದ ಮೇಲೆ ಕೂರುತ್ತದೆ. ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟುಗಳು ಅರ್ಕಾವತ್ತನ್ನು ಕಾಣುವ ಜಾಗದಲ್ಲೇ ಉಳಿಸುತ್ತಿದ್ದವು. ಬರೆಯುವುದು ಸಲೀಸು, ಹುಡುಕುವುದು, ಅಕಾರಾದಿಯಾಗಿ ಜೋಡಿಸುವುದು ದೊಡ್ಡ ಪಾಡು. ಯೂನಿಕೋಡ್ ಆ ಪಾಡು ತಪ್ಪಿಸಿತು, ರೂಪ ಕೊಡುವ ಹೊಣೆಯನ್ನು ಮಾತ್ರ ಬೇರೆಯವರಿಗೆ ಬಿಟ್ಟಿತು. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳಲ್ಲಿ ಆ ಹೊಣೆ ಹೊತ್ತಿರುವುದು ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ. ಫಾಂಟಿನೊಳಗಿನ ಕೋಷ್ಟಕ ಓದಿ, ರ ಮತ್ತು ಹಲಂತದ ಜೋಡಿಯನ್ನು ಅರ್ಕಾವತ್ತು ಮಾಡಿ ಗಿಯ ಆಚೆಗೆ ಸರಿಸುತ್ತದೆ. ಗ ಮತ್ತು ಗುಡಿಸನ್ನು ಒಂದೇ ಆಕಾರವಾಗಿ ಬೆಸೆಯುತ್ತದೆ. ಕನ್ನಡಕ್ಕೆ ಇದು ಮಾಡಿರುವ ಉಪಕಾರ ಸಣ್ಣದಲ್ಲ.

ಅದನ್ನು ಜೋಡಿಸಿದೆ. ಪದ ಸರಿಯಾಯಿತು, ಕರ್ಸರ್ ಸರಿಯಾಗಲಿಲ್ಲ! ಅದಿನ್ನೂ ಬಿಡಿ ಸಂಕೇತಗಳ ಅಗಲ ಕೂಡಿಸಿಕೊಂಡು ಪದದಿಂದ ಒಂದು ಬೆರಳು ಆಚೆ ಮಿನುಗುತ್ತಿತ್ತು. ಎಡಬಾಣ ಒತ್ತಿದರೆ 'ರ್ಗಿ' ದಾಟಲು ನಾಲ್ಕು ಒತ್ತು. ಓದುವ ನಮಗೆ ಅದು ಒಂದೇ ಅಕ್ಷರ. ಒಂದು ಸಂಕೇತಕ್ಕೆ ಒಂದು ಚಿತ್ರ ಎಂಬ ಇಂಗ್ಲಿಷಿನ ಊಹೆ ಕರ್ಸರ್, ಆಯ್ಕೆ, ಅಳಿಸುವಿಕೆ ಎಲ್ಲದರೊಳಗೂ ಇಳಿದಿತ್ತು. ಎಳೆಯ ಹಂತದಲ್ಲೇ ಇದನ್ನು ತಿದ್ದಬೇಕು. ನೂರಾರು ತಂತ್ರಾಂಶಗಳು ಈ ಫ್ರೇಮ್‌ವರ್ಕಿನ ಮೇಲೆ ನಿಂತ ನಂತರ ಬುನಾದಿ ಕೆದಕಲು ಯಾರೂ ಒಪ್ಪುವುದಿಲ್ಲ.

ಮೂರೂ ಹೆಸರನ್ನು ಪರೀಕ್ಷೆಯ ಕಡತವಾಗಿ ಫ್ರೇಮ್‌ವರ್ಕಿನ ತಯಾರಕರಿಗೆ ಕಳಿಸಿದ್ದೇನೆ. ನಾಲ್ಕನೆಯ ಸಾಲಿನಲ್ಲಿ ಇನ್ನೊಂದು ರೂಪವೂ ಇದೆ: ಅಫ್ಜಲ್‌ಪುರ. ಅಲ್ಲಿ ಲ್ ಮತ್ತು ಪು ನಡುವೆ ಅಗಲವೇ ಇಲ್ಲದ, ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಚಿಹ್ನೆ ಕೂತಿದೆ. ಫ್ರೇಮ್‌ವರ್ಕ್ ಅದನ್ನು ನುಂಗಿದರೆ ಪಕಾರ ಲಕಾರದ ಕೆಳಗೆ ಒತ್ತಾಗಿ ಇಳಿದು, ಊರು 'ಅಫ್ಜಲ್ಪುರ' ಆಗುತ್ತದೆ.