ಹಳೆಯ ರಿವಾಲ್ವರಿಗೆ ಬೆಲೆ ಕಟ್ಟುವ ಬಗೆ

ಹಳೆಯ ರಿವಾಲ್ವರಿಗೆ ಬೆಲೆ ಕಟ್ಟುವವರು ನಳಿಗೆಯೊಳಗಿನ ಸುರುಳಿಗೆರೆಗಳು ಸವೆದಿವೆಯೇ, ಬಿಡಿಭಾಗಗಳ ಮೇಲಿನ ಸಂಖ್ಯೆಗಳು ಒಂದಕ್ಕೊಂದು ತಾಳೆಯಾಗುವುವೇ ಎಂದು ಪರೀಕ್ಷಿಸುತ್ತಾರೆ. ಮೂಲ ಮೆರುಗು ಮಾಸಿದ್ದರೂ ಸಂಗ್ರಾಹಕರು ಮೆಚ್ಚುವರು. ಹೊಸದಾಗಿ ಹೊಳಪು ಕೊಟ್ಟರೆ ಬೆಲೆ ಕುಸಿಯುವುದು. ಉಕ್ಕಿಗಿಂತಲೂ ತೂಕವುಳ್ಳದ್ದು ಪುರಾವೆ.

1881ರ ಜುಲೈ 14ರ ರಾತ್ರಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಷೆರೀಫ್ ಪ್ಯಾಟ್ ಗ್ಯಾರೆಟ್ ‘ಬಿಲ್ಲಿ ದಿ ಕಿಡ್’ ಎಂಬ ಕುಖ್ಯಾತ ಪಾತಕಿಯನ್ನು ಕೋಲ್ಟ್ ರಿವಾಲ್ವರಿನಿಂದ ಕೊಂದನು. ಮುಂದೆ ಆ ಆಯುಧ ಪರರ ಕೈಸೇರಿತು. ಗ್ಯಾರೆಟ್ಟನ ವಿಧವೆ ನ್ಯಾಯಾಲಯದ ಮೆಟ್ಟಿಲೇರಿ ಅದನ್ನು ಮರಳಿ ಪಡೆದಳು. ಆಕೆಯ ಆ ವ್ಯಾಜ್ಯವೇ ಆಯುಧದ ಪೂರ್ವೇತಿಹಾಸಕ್ಕೆ ಸಾಕ್ಷಿಯಾಗಿ ಉಳಿಯಿತು. 2021ರ ಹರಾಜಿನಲ್ಲಿ ಅದಕ್ಕೆ ಬಂದ ಬೆಲೆ 60 ಲಕ್ಷ ಡಾಲರಿಗೂ ಅಧಿಕ! ಅದೇ ಮಾದರಿಯ ಅನಾಮಧೇಯ ಕೋಲ್ಟಿಗೆ ಅದರ ನೂರರಲ್ಲೊಂದು ಪಾಲು ದೊರೆಯುವುದೂ ದುರ್ಲಭ.

ಹಿರಿಯರ ಆಯುಧವನ್ನು ತಿಕ್ಕಿ ಬೆಳಗುವ ಮುನ್ನ, ಅದರ ಕಾಗದಪತ್ರಗಳನ್ನು ಹುಡುಕಿಡುವುದೇ ಜಾಣತನ.